ನಿಮಗಿದು ಗೊತ್ತೇ? ಬೆನ್ನ ಹಿಂದೆ ನಿಲ್ಲದ ಧಣಿ

ಕೆಲಸ ಒಪ್ಪಿಸಿ ದೂರ ಸರಿಯುವ ಮುಖ್ಯಸ್ಥರಿರುತ್ತಾರೆ. ಗಳಿಗೆಗೊಮ್ಮೆ ಬಂದು ಇಣುಕುವುದಿಲ್ಲ, ಹೀಗೇ ಮಾಡು ಎಂದು ಕೈ ಹಿಡಿದು ತಿದ್ದುವುದಿಲ್ಲ. ಆಡಳಿತಶಾಸ್ತ್ರದ ಪುಸ್ತಕಗಳು ಇದನ್ನು ನಿನ್ನೆ ಮೊನ್ನೆಯ ಶೋಧವೆಂಬಂತೆ ವಿವರಿಸುತ್ತವೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಮಗ್ಗದ ಮನೆ, ಕಬ್ಬಿನ ಹೊಲ, ನದಿಯ ದಂಡೆ, ಆಟದ ಅಟ್ಟ ಎಲ್ಲ ಕಡೆಯೂ ಇದು ಬಲ್ಲವರ ರೂಢಿ. ಕೆಲವು ಕಡೆ ಈ ರೂಢಿ ಜನರನ್ನು ಎತ್ತಿ ನಿಲ್ಲಿಸಿದೆ, ಕೆಲವು ಕಡೆ ನಡುನೀರಿನಲ್ಲಿ ಬಿಟ್ಟಿದೆ. ಎರಡೂ ಬಗೆಯ ಸಂಗತಿಗಳು ಇಲ್ಲಿವೆ.

◆ ರಬಕವಿ-ಬನಹಟ್ಟಿಯ ನೇಕಾರಿಕೆಯಲ್ಲಿ ಧಣಿ ಒಂದು ಕಡೆ, ಮಗ್ಗ ಇನ್ನೊಂದು ಕಡೆ. ಬಂಡವಾಳ ಹಾಕುವ ಸಾವಕಾರರು ನೂಲು ಕೊಡುತ್ತಾರೆ. ಯಾವ ಬಣ್ಣ, ಎಂಥ ದಡಿ, ಸೆರಗು ಹೇಗೆ ಎಂದು ಹೇಳುತ್ತಾರೆ. ಅಲ್ಲಿಗೆ ಅವರ ಮಾತು ಮುಗಿಯಿತು. ನೇಕಾರ ತನ್ನ ಮನೆಯ ಮಗ್ಗದಲ್ಲಿ ನೇಯ್ದು, ಸೀರೆ ಮಡಚಿ ಒಯ್ದು ಕೊಟ್ಟು, ಸೀರೆಗೆ ಇಷ್ಟೆಂದು ಮಜೂರಿ ಎಣಿಸಿಕೊಂಡು ಬರುತ್ತಾನೆ. ನಸುಕಿನಲ್ಲಿ ಕುಳಿತನೋ, ಜಾತ್ರೆಗೆಂದು ಎರಡು ದಿನ ಮಗ್ಗ ನಿಲ್ಲಿಸಿದನೋ ಯಾರೂ ಕೇಳುವುದಿಲ್ಲ. ಹಾಜರಿ ಪುಸ್ತಕವಿಲ್ಲ, ಮೇಸ್ತ್ರಿ ಇಲ್ಲ. ತಪಾಸಣೆ ನಡೆಯುವುದು ಒಂದೇ ಸಲ, ಸೀರೆ ಬಿಡಿಸಿ ನೋಡುವಾಗ. ಕಸುಬು ಬಲ್ಲವನ ಮೇಲಿನ ಇಷ್ಟು ದೊಡ್ಡ ವಿಶ್ವಾಸ ಇಂದಿನ ಎಷ್ಟೋ ಹವಾನಿಯಂತ್ರಿತ ಕಚೇರಿಗಳಲ್ಲಿ ಕಾಣಸಿಗುವುದಿಲ್ಲ.

ಈ ವ್ಯವಸ್ಥೆಯಲ್ಲಿ ಸೀರೆ ಮಾರಾಟವಾಗದ ತಿಂಗಳು ನೂಲು ಬರುವುದಿಲ್ಲ. ನೂಲಿಲ್ಲದಿದ್ದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತ ದಿನಕ್ಕೆ ಮಜೂರಿ ಇಲ್ಲ. ನೇಯುವ ರೀತಿಯನ್ನು ನೇಕಾರನಿಗೆ ಬಿಟ್ಟುಕೊಟ್ಟವರು ಮಾರುಕಟ್ಟೆಯ ಪೆಟ್ಟನ್ನೂ ಅವನ ಮನೆಬಾಗಿಲಿಗೇ ಬಿಟ್ಟು ಹೋಗಿದ್ದಾರೆ. ಮೊದಲನೆಯದನ್ನು ಮೆಚ್ಚಿಕೊಳ್ಳುವಾಗ ಎರಡನೆಯದನ್ನು ಮರೆಯಬಾರದು. ಮುಂದಿನ ಸಂಗತಿಗಳನ್ನೂ ಇದೇ ತಕ್ಕಡಿಯಲ್ಲಿಟ್ಟು ನೋಡಬೇಕೆಂಬುದು ನನ್ನ ಆಸೆ.

◆ ಮಗ್ಗದ ಮೇಲೆ ಕುಳಿತವನ ಹೆಸರಿಗೆ ಮಜೂರಿ ಬರುತ್ತದೆ. ಆದರೆ ಲಾಳಿಯೊಳಗಿನ ಕಂಡಿಕೆ ಸುತ್ತುವುದು, ಹರಿದ ಎಳೆ ಹುಡುಕುವುದು, ಹೊಸ ಹಾಸನ್ನು ಹಳೆಯ ಹಾಸಿಗೆ ಒಂದೊಂದೇ ಎಳೆಯಾಗಿ ಕೆಚ್ಚುವುದು ಬಹುಪಾಲು ಮನೆಯ ಹೆಣ್ಣುಮಕ್ಕಳ ಕೆಲಸ. ಸೀರೆಗೆ ಇಷ್ಟೆಂದು ಲೆಕ್ಕ ಹಿಡಿದಾಗ ಈ ದುಡಿಮೆ ಯಾವ ಕಾಗದದ ಮೇಲೂ ಮೂಡುವುದಿಲ್ಲ. ದೂರ ನಿಂತ ಧಣಿಗೆ ಕಾಣುವುದು ಮುಗಿದ ಸೀರೆ ಮಾತ್ರ. ಅದರ ಹಿಂದೆ ಎಷ್ಟು ಜೋಡಿ ಕೈಗಳಿವೆ ಎಂದು ತಿಳಿಯಲು ಅವನು ಮನೆಯೊಳಗೆ ಬರಬೇಕಾಗುತ್ತದೆ.

2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ನೇಕಾರರ ಜೊತೆಗೆ ಈ ಪೂರಕ ಕೆಲಸದವರನ್ನೂ ಎಣಿಸಿತು. ಒಟ್ಟು ಲೆಕ್ಕ 35 ಲಕ್ಷ ದಾಟಿತು. ಅವರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಪೂರಕ ಕೆಲಸದವರು.

◆ ಸರ್ಕಾರವೂ ಇಲ್ಲಿ ಒಂದು ಬಗೆಯ ಸಾವಕಾರನೇ. 1975ರಲ್ಲಿ ಹುಟ್ಟಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೂಲು ಕೊಟ್ಟು, ಬಟ್ಟೆ ಪಡೆದು, ಮಜೂರಿ ಕೊಡುತ್ತದೆ. ಕೆಲಸದ ವೇಳೆ ನೇಕಾರನದೇ. ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆಯಂಥ ಖಾತ್ರಿ ಬೇಡಿಕೆ ಹಿಂದೆ ನಿಂತಾಗ ಇದೇ ಪದ್ಧತಿ ಮನೆಗೆ ಅನ್ನ ತರುತ್ತದೆ. ಬೇಡಿಕೆ ತಪ್ಪಿದರೆ ಸರ್ಕಾರಿ ನೂಲನ್ನೂ ಕಾಯುತ್ತ ಕೂರಬೇಕಾಗುತ್ತದೆ.

◆ 1938-39ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕುರ್ಟ್ ಲೆವಿನ್, ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಎಂಬ ಮೂವರು ಹತ್ತು ವರ್ಷದ ಹುಡುಗರ ನಾಲ್ಕು ಗುಂಪು ಕಟ್ಟಿದರು. ಗುಂಪಿಗೆ ಐವರು. ಮುಖವಾಡ ಮಾಡುವಂಥ ಕರಕುಶಲ ಕೆಲಸ ಅವರದು. ಒಬ್ಬ ನಾಯಕ ಪ್ರತಿಯೊಂದಕ್ಕೂ ಅಪ್ಪಣೆ ಕೊಡುತ್ತಿದ್ದ. ಇನ್ನೊಬ್ಬ ಹುಡುಗರೊಡನೆ ಕೂಡಿ ನಿರ್ಧರಿಸುತ್ತಿದ್ದ. ಮೂರನೆಯವ ಸಾಮಾನು ಕೊಟ್ಟು, ಕೇಳಿದರೆ ಮಾತ್ರ ಉತ್ತರಿಸಿ, ಉಳಿದಂತೆ ಸುಮ್ಮನಿರುತ್ತಿದ್ದ. ಅಪ್ಪಣೆಯ ಗುಂಪಿನಲ್ಲಿ ನಾಯಕ ಹೊರಗೆ ಹೋದೊಡನೆ ಕೆಲಸ ಕುಸಿಯುತ್ತಿತ್ತು. ಕೂಡಿ ನಿರ್ಧರಿಸಿದವರು ನಾಯಕನಿಲ್ಲದೆಯೂ ಕೆಲಸ ಮುಂದುವರಿಸುತ್ತಿದ್ದರು. ಸುಮ್ಮನಿರುವ ನಾಯಕನ ಗುಂಪು ಮಾಡಿದ್ದು ಕಡಿಮೆ, ಮಾಡಿದ್ದರಲ್ಲೂ ಅಚ್ಚುಕಟ್ಟು ಕಡಿಮೆ.

ಬನಹಟ್ಟಿಯ ಮಗ್ಗಕ್ಕೂ ಅಯೋವಾದ ಹುಡುಗರಿಗೂ ದೊಡ್ಡ ಅಂತರವಿದೆ. ಆ ಹುಡುಗರಿಗೆ ಕಸುಬು ಗೊತ್ತಿರಲಿಲ್ಲ. ನೇಕಾರನಿಗೆ ಅಜ್ಜನ ಕಾಲದಿಂದ ಗೊತ್ತು.

◆ ಆ ಮೂರನೆಯ ಶೈಲಿ ಪ್ರಯೋಗದ ಯೋಜನೆಯಲ್ಲಿ ಇರಲೇ ಇಲ್ಲ! ರಾಲ್ಫ್ ವೈಟ್ ಮಾಡಬೇಕಾಗಿದ್ದುದು ಹುಡುಗರೊಡನೆ ಸಮಾಲೋಚಿಸುವ ನಾಯಕನ ಪಾತ್ರ. ಅವರು ಹುಡುಗರನ್ನು ಎಷ್ಟು ಸಡಿಲ ಬಿಟ್ಟರೆಂದರೆ ಅದು ಬೇರೆಯೇ ಬಗೆ ಎಂದು ಲೆವಿನ್ ಗುರುತಿಸಿ, ಮೂರನೆಯ ಶೈಲಿಯಾಗಿ ಸೇರಿಸಿಕೊಂಡರು. ಇಂದು ಆಡಳಿತ ಪಠ್ಯಗಳಲ್ಲಿ ಅದಕ್ಕೊಂದು ಜಾಗವಿದೆ.

◆ 1977ರ ಫೆಬ್ರುವರಿಯಿಂದ ಜುಲೈವರೆಗೆ ಭಾರತದ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿ. ಜಮಖಂಡಿಯಲ್ಲಿ ವಕೀಲಿ ಮಾಡಿ, ಅಲ್ಲಿನ ಪುರಸಭೆಯಿಂದ ಸಾರ್ವಜನಿಕ ಬದುಕು ಆರಂಭಿಸಿ, ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿಯಾಗಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಅವರು ಉಪರಾಷ್ಟ್ರಪತಿಯಾಗಿದ್ದಾಗ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಫೆಬ್ರುವರಿ 11ರಂದು ತೀರಿಕೊಂಡರು. ಹೊಣೆ ಜತ್ತಿಯವರ ಹೆಗಲಿಗೆ ಬಂತು.

ನಮ್ಮ ಸಂವಿಧಾನದ ರಾಷ್ಟ್ರಪತಿ ಹುದ್ದೆಯೇ ಕೈ ಹಾಕದ ನಾಯಕತ್ವದ ಅತಿ ಎತ್ತರದ ಮಾದರಿ. ಎಲ್ಲ ಆಜ್ಞೆಯೂ ಅವರ ಹೆಸರಿನಲ್ಲಿ, ನಿರ್ಧಾರ ಮಾತ್ರ ಮಂತ್ರಿಮಂಡಲದ್ದು. 1976ರ 42ನೇ ತಿದ್ದುಪಡಿ ಮಂತ್ರಿಮಂಡಲದ ಸಲಹೆಯನ್ನು ರಾಷ್ಟ್ರಪತಿ ಪಾಲಿಸಲೇಬೇಕೆಂದು ಕಡ್ಡಾಯ ಮಾಡಿತ್ತು. 1977ರ ಚುನಾವಣೆಯಲ್ಲಿ ಗೆದ್ದ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕಡತ ಕಳಿಸಿದಾಗ ಜತ್ತಿಯವರು ಒಡನೆ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಕೋಲಾಹಲವೆದ್ದಿತು. ಏಪ್ರಿಲ್ 30ರಂದು ಸಹಿ ಬಿತ್ತು. ಅವರು ತಡೆದದ್ದು ಸರಿಯೋ ತಪ್ಪೋ ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. ನನ್ನ ಮಟ್ಟಿಗೆ, ಓದಿ ಯೋಚಿಸಲು ಅಷ್ಟು ಹೊತ್ತು ತೆಗೆದುಕೊಂಡದ್ದು ಹುದ್ದೆಗೆ ಸಲ್ಲಬೇಕಾದ ಗೌರವವೇ. ಮರುವರ್ಷ, 1978ರ 44ನೇ ತಿದ್ದುಪಡಿ, ರಾಷ್ಟ್ರಪತಿ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು ಎಂದು ಹೇಳಿತು.

◆ ಹೊಲವನ್ನು ಬೇರೆಯವರ ಕೈಗಿಟ್ಟು ಊರು ಬಿಡುವ ಒಡೆತನಕ್ಕೂ ಜತ್ತಿಯವರ ಹೆಸರಿಗೂ ಸಂಬಂಧವಿದೆ. ಈ ಭಾಗದಲ್ಲಿ ಭೂಮಿಯನ್ನು ಪಾಲಿಗೆ ಕೊಡುವುದು, ಲಾವಣಿಗೆ ಕೊಡುವುದು ಎರಡೂ ಉಂಟು. ಪಾಲಿನಲ್ಲಿ ಬೆಳೆಯ ಭಾಗ, ಲಾವಣಿಯಲ್ಲಿ ಗೊತ್ತುಪಡಿಸಿದ ಹಣ ಇಲ್ಲವೇ ಕಾಳು. ಪಾಲಿನವನ ಧಣಿ ಮಳೆ ಕೈಕೊಟ್ಟಾಗ ತಾನೂ ಸ್ವಲ್ಪ ಕಳೆದುಕೊಳ್ಳುತ್ತಾನೆ. ಲಾವಣಿಯ ಧಣಿಗೆ ಮಳೆಯ ಹಂಗೂ ಇಲ್ಲ. ಜತ್ತಿಯವರ ಅಧ್ಯಕ್ಷತೆಯ ಸಮಿತಿ 1957ರಲ್ಲಿ ಗೇಣಿ ಕಾನೂನುಗಳನ್ನು ಪರಿಶೀಲಿಸಿ ಕೊಟ್ಟ ವರದಿಯೇ 1961ರ ಭೂಸುಧಾರಣಾ ಕಾಯ್ದೆಗೆ ಬುನಾದಿ. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿಯನ್ನೇ ತೆಗೆದುಹಾಕಿ, ಉಳುತ್ತಿದ್ದವನಿಗೆ ಒಡೆತನದ ದಾರಿ ತೆರೆಯಿತು. ದೂರ ಕುಳಿತ ಒಡೆಯನಿಗೆ ಕಾನೂನು ಕೊಟ್ಟ ಅತ್ಯಂತ ಖಡಕ್ ಉತ್ತರ ಇದು.

◆ ಒಂದಕ್ಕೊಂದು ಅಂಟಿಕೊಂಡ ರಬಕವಿ ಮತ್ತು ಬನಹಟ್ಟಿ ಬ್ರಿಟಿಷರ ಕಾಲದಲ್ಲಿ ಬೇರೆ ಬೇರೆ ರಾಜರ ಊರುಗಳು. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ, ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದವು. ಮುಧೋಳದಲ್ಲಿ ಘೋರ್ಪಡೆ ಅರಸರು. ಇವರೆಲ್ಲರ ಮೇಲಿದ್ದ ಬ್ರಿಟಿಷ್ ಸರ್ಕಾರ 1909ರಲ್ಲಿ, ಸಂಸ್ಥಾನಗಳ ಒಳಾಡಳಿತದಲ್ಲಿ ಆದಷ್ಟು ತಲೆಹಾಕುವುದಿಲ್ಲ ಎಂದು ವೈಸರಾಯ್ ಲಾರ್ಡ್ ಮಿಂಟೊ ಅವರ ಉದಯಪುರದ ಭಾಷಣದ ಮೂಲಕ ಸಾರಿತು. ಅರಸನ ಮನಸ್ಸು ಒಳ್ಳೆಯದಿದ್ದಲ್ಲಿ ಪ್ರಜೆಗೆ ಶಾಲೆ, ಕೆರೆ, ರಸ್ತೆ. ಇಲ್ಲದಿದ್ದಲ್ಲಿ ದೂರು ಹೇಳಿಕೊಳ್ಳಲು ಮೇಲೆ ಯಾರೂ ಇಲ್ಲ.

◆ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಬಳಿ ಕೃಷ್ಣಾ ನದಿಗೆ ಅಡ್ಡಲಾಗಿ ರೈತರೇ ಹಣ ಕೂಡಿಸಿ, ರಟ್ಟೆ ಮುರಿದು ದುಡಿದು ಬ್ಯಾರೇಜ್ ಕಟ್ಟಿಕೊಂಡರು. ಅದು ಪೂರ್ಣಗೊಂಡದ್ದು 1989ರಲ್ಲಿ. ಹೆಸರು ಶ್ರಮಬಿಂದು ಸಾಗರ. ಕಟ್ಟಿದ್ದು ಕೃಷ್ಣಾ ತೀರ ರೈತ ಸಂಘ, ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಎದುರಿಗೇ ನದಿ ಹರಿದರೂ ಬೇಸಿಗೆಗೆ ಹೊಲ ಒಣಗುತ್ತಿತ್ತು. ಸರ್ಕಾರ ಕಟ್ಟಲಿ ಎಂದು ಕಾಯುವುದರಲ್ಲಿ ಎಷ್ಟು ಬೇಸಿಗೆಗಳು ಕಳೆದಿದ್ದವೋ. ಕಡೆಗೆ ಊರೂರಿನ ರೈತರು ತಾವೇ ಕಲ್ಲು ಹೊತ್ತರು.

ಇಲ್ಲಿ ಎರಡು ಬಗೆಯ ದೂರ ನಿಲ್ಲುವಿಕೆ ಕಾಣುತ್ತದೆ. ಸರ್ಕಾರ ಕೈ ಹಾಕಲಿಲ್ಲ; ಅದನ್ನು ನಾಯಕತ್ವ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಸಂಘದೊಳಗೆ ಸಂಬಳದ ಮೇಲಧಿಕಾರಿ ಯಾರೂ ಇರಲಿಲ್ಲ, ಆದರೂ ಕೆಲಸ ನಡೆಯಿತು. ಪ್ರತಿಯೊಬ್ಬನ ಹಣ ಅದರಲ್ಲಿತ್ತು, ಪ್ರತಿಯೊಬ್ಬನ ಹೊಲ ಅದರ ನೀರಿಗೆ ಕಾದಿತ್ತು. ಹಾಗಿರುವಾಗ ಬೆನ್ನ ಹಿಂದೆ ನಿಂತು ಗದರಿಸುವವನ ಅಗತ್ಯ ಬೀಳಲಿಲ್ಲ. ಆದರೆ ಮುಂದೆ ನಿಂತು ಕರೆಯುವವನ ಅಗತ್ಯ ಖಂಡಿತ ಬಿತ್ತು. ನಾಯಕನೇ ಇಲ್ಲದ ಸಾಹಸ ಎಂದು ಇದನ್ನು ಹೊಗಳುವವರು ಆ ಭಾಗವನ್ನು ಬಿಟ್ಟು ಹೇಳುತ್ತಾರೆ.

◆ ಬ್ಯಾರೇಜ್ ಮುಗಿದು ಎರಡೇ ವರ್ಷಕ್ಕೆ, 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದ ಮತದಾರರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಸಿದ್ದು ನ್ಯಾಮಗೌಡರನ್ನು ಗೆಲ್ಲಿಸಿದರು. ಅವರು ಕೇಂದ್ರದಲ್ಲಿ ರಾಜ್ಯ ಸಚಿವರಾದರು. ‘ಬ್ಯಾರೇಜ್ ಸಿದ್ದು’ ಎಂಬ ಹೆಸರು ಕೊನೆಯವರೆಗೂ ಉಳಿಯಿತು. 2018ರ ಮೇ 28ರಂದು, ಜಮಖಂಡಿಯಿಂದ ಶಾಸಕರಾಗಿ ಗೆದ್ದ ಕೆಲವೇ ದಿನಗಳಲ್ಲಿ, ತುಳಸಿಗೇರಿ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

◆ ನೀರು, ಹುಲ್ಲುಗಾವಲು, ಮೀನಿನಂಥ ಎಲ್ಲರ ಸೊತ್ತನ್ನು ಜನರೇ ಸೇರಿ ಕಾಪಾಡಬಲ್ಲರು ಎಂದು ತೋರಿಸಿದ್ದಕ್ಕೆ ಎಲಿನರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಅವರ 1990ರ ಪುಸ್ತಕ ಇಂಥ ಕೂಟಗಳು ಬಾಳುವುದಕ್ಕೆ ಬೇಕಾದ ಎಂಟು ಲಕ್ಷಣಗಳನ್ನು ಗುರುತಿಸಿದೆ. ನಿಯಮ ಮಾಡುವಾಗ ಬಳಸುವವರ ಮಾತು ನಡೆಯಬೇಕು. ತಪ್ಪಿದವರಿಗೆ ಮೊದಲು ಸಣ್ಣ ದಂಡ, ಮತ್ತೆ ತಪ್ಪಿದರೆ ದೊಡ್ಡದು. ಕಣ್ಣಿಡುವವರು ಬಳಕೆದಾರರಿಗೇ ಉತ್ತರ ಹೇಳಬೇಕು. ಮೇಲಿನವನಿಲ್ಲದ ಕಡೆಯಲ್ಲೂ ಕಣ್ಣಿಡುವ ಕೆಲಸ ಇದ್ದೇ ಇರುತ್ತದೆ ಎಂಬುದನ್ನು ಕಾಲುವೆಯ ಕೊನೆಯಂಚಿನ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ.

◆ ಸ್ಪೇನ್ ದೇಶದ ವ್ಯಾಲೆನ್ಸಿಯಾದಲ್ಲಿ ಕಾಲುವೆ ನೀರಿನ ಜಗಳಗಳನ್ನು ರೈತರೇ ಆರಿಸಿದ ಪಂಚರು ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲಲ್ಲಿ ಕುಳಿತು ತೀರ್ಮಾನಿಸುತ್ತಾರೆ. ವಕೀಲರಿಲ್ಲ, ಎಲ್ಲ ಬಾಯಿಮಾತಿನ ವಿಚಾರಣೆ. ಶತಮಾನಗಳಿಂದ ನಡೆದು ಬಂದಿದೆ.

◆ ಕಬ್ಬು ಕಡಿಯುವ ಗ್ಯಾಂಗಿನ ಲೆಕ್ಕವನ್ನು ತಲೆಯಿಂದ ಎಣಿಸುವುದಿಲ್ಲ, ಜೋಡಿಯಿಂದ ಎಣಿಸುತ್ತಾರೆ. ಗಂಡ ಹೆಂಡತಿ ಸೇರಿದರೆ ಒಂದು ‘ಕೊಯ್ತಾ’. ಮುಧೋಳ, ಜಮಖಂಡಿ ಸೀಮೆಯ ಕಾರ್ಖಾನೆಗಳ ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ, ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಗ್ಯಾಂಗ್‌ಗಳು ಬಂದು ಹೊಲದ ಅಂಚಿನಲ್ಲಿ ಗುಡಿಸಲು ಹಾಕುತ್ತವೆ. ಕಾರ್ಖಾನೆ ಕರಾರು ಮಾಡಿಕೊಳ್ಳುವುದು ಸಾಗಾಟದ ಟ್ರ್ಯಾಕ್ಟರ್ ಮಾಲೀಕನ ಜೊತೆ. ಟ್ರ್ಯಾಕ್ಟರ್ ಮಾಲೀಕ ಮುಂಗಡ ಕೊಡುವುದು ಗ್ಯಾಂಗಿನ ಮುಖಂಡನಾದ ಮುಕಾದಮನಿಗೆ. ಮುಕಾದಮ ಅದನ್ನು ಜೋಡಿಗಳಿಗೆ ಹಂಚುತ್ತಾನೆ. ಕೂಲಿ ಟನ್ನಿಗೆ ಇಷ್ಟು. ಎಷ್ಟು ಹೊತ್ತಿಗೆ ಏಳಬೇಕು, ಯಾವ ಸಾಲಿನಿಂದ ಕಡಿಯಬೇಕು ಎಲ್ಲ ಗ್ಯಾಂಗಿನದೇ ತೀರ್ಮಾನ.

ಹೇಳಿಕೊಳ್ಳಲು ಇದೂ ಸ್ವಾತಂತ್ರ್ಯವೇ. ಆದರೆ ನಡುವೆ ಇಷ್ಟು ಕೈಗಳು ಬಂದಮೇಲೆ ಹಾವು ಕಚ್ಚಿದ ದಿನ, ಬಸುರಿ ಹೆಂಗಸು ಕಬ್ಬಿನ ಹೊರೆ ಹೊರಲಾರದ ದಿನ, ಮುಂಗಡ ತೀರದೆ ಹಂಗಾಮು ಮುಗಿದ ದಿನ ಯಾರನ್ನು ಕೇಳಬೇಕು? ಕಾರ್ಖಾನೆ ಟ್ರ್ಯಾಕ್ಟರಿನವನತ್ತ ಕೈ ತೋರಿಸುತ್ತದೆ, ಅವನು ಮುಕಾದಮನತ್ತ. ಮುಂಗಡ ಪಡೆದ ಗ್ಯಾಂಗ್ ಬಾರದೇ ಹೋದರೆ ಟ್ರ್ಯಾಕ್ಟರ್ ಮಾಲೀಕನೂ ಸಾಲಕ್ಕೆ ಬೀಳುತ್ತಾನೆ. ಬಿಸಿಲಲ್ಲಿ ನಿಂತವರೆಲ್ಲ ಅಪಾಯ ಹಂಚಿಕೊಂಡಿದ್ದಾರೆ, ನೆರಳಲ್ಲಿ ಕುಳಿತವರಿಗೆ ಅದು ತಟ್ಟುವುದಿಲ್ಲ. ಸಕ್ಕರೆಯ ಸಿಹಿಯನ್ನು ಹೊಗಳುವ ಸೀಮೆಯವರು ಇದನ್ನು ಮೊದಲು ಸರಿಮಾಡಬೇಕು.

◆ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡತಕ್ಕದ್ದು ಎಂಬ ಮಾತು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬಂದಿತ್ತು. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ, ಪ್ರತಿಯೊಬ್ಬ ಕೆಲಸಗಾರನಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೂಲಿಯ ದರ, ಮಾಡಿದ ಕಡಿತ ಬರೆದಿರಬೇಕು ಎಂದಿತ್ತು. ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದು, ಹೊಣೆಯನ್ನು ವಹಿಸಲಾಗದು ಎಂದು ಸಂಸತ್ತು ಅರ್ಧ ಶತಮಾನದ ಹಿಂದೆಯೇ ಅರ್ಥಮಾಡಿಕೊಂಡಿತ್ತು.

◆ ಬೆಳೆದ ರೈತನ ವಿಷಯದಲ್ಲೂ ಕಾನೂನು ಕಾರ್ಖಾನೆಯನ್ನು ಹೊಣೆಯಿಂದ ಬಿಡುವುದಿಲ್ಲ: ಕಬ್ಬು ಕಳಿಸಿದ 14 ದಿನಗಳೊಳಗೆ ರೈತನಿಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. ಇದು 1966ರ ಕಬ್ಬು ನಿಯಂತ್ರಣ ಆದೇಶ.

◆ ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ಎಳೆ ಹರಿದರೆ ಮಗ್ಗ ತಾನೇ ನಿಲ್ಲುವಂತೆ ಮಾಡುವ ಚಿಕ್ಕ ಸಾಧನವೊಂದಿರುತ್ತದೆ. ಜಪಾನಿನ ಸಕಿಚಿ ಟೊಯೊಡಾ ಎಂಬ ಬಡಗಿಯ ಮಗ 1896ರಲ್ಲಿ ತಾನು ಮಾಡಿದ ಯಂತ್ರಚಾಲಿತ ಮಗ್ಗದಲ್ಲಿ ಇಂಥದೊಂದನ್ನು ಅಳವಡಿಸಿದ. 1924ರಲ್ಲಿ ಬಂದ ಅವನ ಸ್ವಯಂಚಾಲಿತ ಮಗ್ಗ ಓಡುತ್ತಿರುವಾಗಲೇ ಲಾಳಿ ಬದಲಿಸಿಕೊಳ್ಳುತ್ತಿತ್ತು, ಹಾಸಿನ ಎಳೆ ಹರಿದರೂ ನಿಲ್ಲುತ್ತಿತ್ತು. ಪ್ರತಿ ಮಗ್ಗದ ಮುಂದೆಯೂ ಒಬ್ಬೊಬ್ಬ ಕಣ್ಣಿಟ್ಟು ಕೂರುವುದು ತಪ್ಪಿ, ಒಬ್ಬನೇ ಹಲವು ಮಗ್ಗ ನೋಡಿಕೊಳ್ಳುವಂತಾಯಿತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಆ ಹಕ್ಕನ್ನು ಮಾರಿ ಬಂದ ಹಣ ಅವನ ಮಗನ ಮೋಟಾರು ಪ್ರಯೋಗಗಳಿಗೆ ಒದಗಿತು. ಇಂದಿನ ಟೊಯೊಟಾ ಕಾರಿನ ಬೇರು ಇರುವುದು ನೇಕಾರಿಕೆಯಲ್ಲಿ.

ಟೊಯೊಟಾ ಕಾರ್ಖಾನೆಗಳಲ್ಲಿ ತಪ್ಪು ಕಂಡ ಯಾವ ಕೆಲಸಗಾರನೂ ಹಗ್ಗ ಜಗ್ಗಿ ಇಡೀ ಸಾಲನ್ನು ನಿಲ್ಲಿಸುವಂತೆ ಕೇಳಬಹುದು. ಮಗ್ಗಕ್ಕೆ ಕೊಟ್ಟ ಅಧಿಕಾರವನ್ನು ಮನುಷ್ಯನಿಗೂ ಕೊಟ್ಟರು. ಹಗ್ಗ ಜಗ್ಗಿದೊಡನೆ ತಂಡದ ಮುಖ್ಯಸ್ಥ ಓಡಿಬರುತ್ತಾನೆ ಎಂಬುದು ಅದರ ಇನ್ನರ್ಧ. ಬರುವವನೇ ಇಲ್ಲದಿದ್ದರೆ ಆ ಹಗ್ಗದಿಂದ ಪ್ರಯೋಜನವಿಲ್ಲ.

◆ 2020ರ ಲಾಕ್‌ಡೌನ್‌ನಲ್ಲಿ ಸೀರೆ ಅಂಗಡಿಗಳು ಮುಚ್ಚಿದಾಗ ನೇಕಾರರ ಊರುಗಳಲ್ಲಿ ಮಗ್ಗದ ಸದ್ದು ಅಡಗಿತು. ರಾಜ್ಯ ಸರ್ಕಾರ ನೇಕಾರ ಸಮ್ಮಾನ್ ಯೋಜನೆಯಲ್ಲಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ಘೋಷಿಸಿತು. 2022ರಲ್ಲಿ ಅದು 5,000 ಆಯಿತು. 2023-24ರ ಬಜೆಟ್ 10 ಎಚ್‌ಪಿವರೆಗಿನ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ಪ್ರಕಟಿಸಿತು. ನೂಲಿನ ದರ ಏರಿದರೆ ಈ ನೆರವು ಎಷ್ಟು ದಿನ ಬಾಳುತ್ತದೆ ಎಂದು ಯಾವ ನೇಕಾರನ ಮನೆಯಲ್ಲಿ ಕೇಳಿದರೂ ಲೆಕ್ಕ ಸಿಗುತ್ತದೆ.

◆ ಮುಧೋಳ, ಬೀಳಗಿ ಸೀಮೆಯವರು ರಾತ್ರಿಯಿಡೀ ಕುಳಿತು ನೋಡುವ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನೇ ಮೇಳದ ಮುಂದಾಳು. ಅಪರಾಳ ತಮ್ಮಣ್ಣ ರಚಿಸಿ, ಕುಲಗೋಡ ತಮ್ಮಣ್ಣ ರಂಗಕ್ಕೆ ಹೊಂದಿಸಿದ ಹಾಡುಗಳು ಮೊದಲೇ ಗೊತ್ತಾದವು. ನಡುವಿನ ಮಾತು ಮಾತ್ರ ಆ ರಾತ್ರಿಯದು. ಪಾತ್ರ ಒಳಗೆ ಬಂದೊಡನೆ ಭಾಗವತ ತಾವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳುತ್ತಾನೆ. ಉತ್ತರ ಹೇಳಿಕೊಡುವುದಿಲ್ಲ. ಸತ್ಯಭಾಮೆಯ ವೇಷದವರು ಊರು ನೋಡಿ, ಜನ ನೋಡಿ ಮಾತು ಕಟ್ಟುತ್ತಾರೆ. ಮಾತು ಹಳಿ ತಪ್ಪಿದರೆ ಭಾಗವತನ ಒಂದು ಪ್ರಶ್ನೆ ಅದನ್ನು ಮತ್ತೆ ಕಥೆಗೆ ತರುತ್ತದೆ. ಮುಂದಾಳು ಅಟ್ಟದ ಮೇಲೇ ಇರುತ್ತಾನೆ, ಯಾರ ಬಾಯಿಯನ್ನೂ ಕಟ್ಟುವುದಿಲ್ಲ. ತಂಡ ನಡೆಸುವವರಿಗೆ ಪಾಠ ಬೇಕಿದ್ದರೆ ಒಂದು ರಾತ್ರಿ ಪಾರಿಜಾತ ನೋಡಲಿ ಎಂದು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ.

◆ ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ ರನ್ನನ ಊರು ಮುಧೋಳ ಸೀಮೆ. ರನ್ನಬೆಳಗಲಿ ಇಂದಿಗೂ ಅವನ ಹೆಸರಿನಲ್ಲೇ ಇದೆ. 993ರಲ್ಲಿ ಅಜಿತಪುರಾಣ ಬರೆಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳೂ ಅವಳೇ. ಗದಾಯುದ್ಧದಲ್ಲಿ ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ. ಆದರೂ ಸೋಲುವ ದುರ್ಯೋಧನನಿಗೆ ಅವನು ಕೊಟ್ಟ ಎತ್ತರ ಎಷ್ಟೆಂದರೆ ಸಾವಿರ ವರ್ಷಗಳಿಂದ ಓದುಗರ ಕಣ್ಣೀರು ಅವನ ಪಾಲಿಗೇ ಹೋಗುತ್ತಿದೆ. ಆಶ್ರಯ ಕೊಟ್ಟವರು ಕವಿಯ ಕೈ ಹಿಡಿದು ತಿದ್ದಲಿಲ್ಲವೆಂದೇ ತೋರುತ್ತದೆ; ಅಂಥ ಕಾವ್ಯ ಬರೆದವನಿಗೆ ಕವಿಚಕ್ರವರ್ತಿ ಎಂಬ ಬಿರುದು ಸಂದಿತು.

◆ ಮುಧೋಳ ನಾಯಿ ನೋಟದಿಂದ ಬೇಟೆಯಾಡುವ ತಳಿ. ವಾಸನೆ ಹಿಡಿದು ಹೋಗುವ ನಾಯಿಗಳಂತಲ್ಲದೆ, ಓಟದ ನಡುವೆ ಒಡೆಯನ ಅಪ್ಪಣೆಗೆ ತಿರುಗಿ ನೋಡದೆ ತಾನೇ ದಾರಿ ಆಯ್ದುಕೊಳ್ಳುತ್ತದೆ. 2005ರಲ್ಲಿ ಅದರ ಅಂಚೆಚೀಟಿ ಬಂತು. 2016ರಲ್ಲಿ ಮೀರತ್‌ನ ಸೇನಾ ಶ್ವಾನ ಕೇಂದ್ರಕ್ಕೆ ಮರಿಗಳು ಹೋದವು. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ.

◆ ದೂರ ಸರಿಯುವ ಮುಖ್ಯಸ್ಥರ ಬಗ್ಗೆ ಸಂಶೋಧಕರ ತೀರ್ಪು ಕಟುವಾಗಿದೆ. 2004ರಲ್ಲಿ ತಿಮೋತಿ ಜಡ್ಜ್ ಮತ್ತು ರೊನಾಲ್ಡ್ ಪಿಕೊಲೊ 87 ಮೂಲಗಳ ಅಂಕಿಅಂಶ ಒಟ್ಟುಗೂಡಿಸಿ ನೋಡಿದಾಗ, ಬೇಕಾದಾಗ ಸಿಗದ ನಾಯಕರ ಕೈಕೆಳಗಿನವರ ತೃಪ್ತಿ ಸ್ಪಷ್ಟವಾಗಿ ಕೆಳಗಿತ್ತು. 2007ರಲ್ಲಿ ನಾರ್ವೆಯ ಅಧ್ಯಯನವೊಂದು ಇನ್ನೂ ಒಳಗೆ ಇಳಿಯಿತು. ಮೇಲಿನವರು ಸುಮ್ಮನಿರುವ ಕಡೆ ಯಾರ ಕೆಲಸ ಯಾವುದೆಂಬ ಗೊಂದಲ, ಅದರಿಂದ ಸಹೋದ್ಯೋಗಿಗಳ ನಡುವೆ ಜಗಳ, ಜಗಳದ ಜೊತೆ ದುರ್ಬಲರಿಗೆ ಕಿರುಕುಳ ಕಂಡುಬಂತು. ಕಿರಿಯ ಗುಮಾಸ್ತ ಅಳುತ್ತ ಮನೆಗೆ ಹೋಗುವ ಕಚೇರಿಯಲ್ಲಿ ಗದರಿಸುವ ಮುಖ್ಯಸ್ಥನೇ ಇರಬೇಕೆಂದಿಲ್ಲ.

◆ ಪಾಲ್ ಹರ್ಸಿ, ಕೆನೆತ್ ಬ್ಲಾಂಚರ್ಡ್ 1969ರಲ್ಲಿ ರೂಪಿಸಿದ ಪ್ರಸಿದ್ಧ ಮಾದರಿಯಲ್ಲಿ ಪೂರ್ತಿ ಒಪ್ಪಿಸಿಬಿಡುವುದು ನಾಲ್ಕು ಶೈಲಿಗಳಲ್ಲಿ ಕೊನೆಯದು. ಕೆಲಸ ಬಲ್ಲವನಾಗಿರಬೇಕು, ಮನಸ್ಸೂ ಇರಬೇಕು, ಆಗ ಮಾತ್ರ. ಹೊಸಬನಿಗೆ ಮೊದಲ ದಿನವೇ ಹಾಗೆ ಮಾಡಿದರೆ ಅದು ಈಜು ಬಾರದವನನ್ನು ಬಾವಿಗೆ ಇಳಿಸಿದ ಹಾಗೆ.

◆ ನೆದರ್ಲೆಂಡ್ಸ್‌ನ ಬರ್ಟ್‌ಜೋರ್ಗ್ ಎಂಬ ಸಂಸ್ಥೆಯ ದಾದಿಯರು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುತ್ತಾರೆ. 2006ರಲ್ಲಿ ಯೋಸ್ ಡಿ ಬ್ಲಾಕ್ ಎಂಬ ಶುಶ್ರೂಷಕ ಕಟ್ಟಿದ ಒಂದು ಪುಟ್ಟ ತಂಡದಿಂದ ಆರಂಭವಾದ ಸಂಸ್ಥೆಯ ಸಿಬ್ಬಂದಿ ಮುಂದೆ ಹತ್ತು ಸಾವಿರ ದಾಟಿತು. ತಂಡದಲ್ಲಿ ಹೆಚ್ಚೆಂದರೆ ಹನ್ನೆರಡು ಜನ, ಮೇಲ್ವಿಚಾರಕರಿಲ್ಲ. ಯಾರ ಮನೆಗೆ ಯಾರು, ರಜೆ ಯಾರಿಗೆ ಎಂದು ಅವರೇ ಕೂತು ತೀರ್ಮಾನಿಸುತ್ತಾರೆ. ಸಂಬಳ ಮಾತ್ರ ನಿಶ್ಚಿತ. ತಂಡ ಸಿಕ್ಕಿಹಾಕಿಕೊಂಡಾಗ ಕೇಳಲು ಸಲಹೆಗಾರರಿದ್ದಾರೆ. ಬನಹಟ್ಟಿಯ ಮಗ್ಗದ ಮನೆಗೆ ಸ್ವಾತಂತ್ರ್ಯ ಇದಕ್ಕಿಂತ ಕಡಿಮೆ ಇಲ್ಲ. ಇಲ್ಲದಿರುವುದು ಆ ನಿಶ್ಚಿತ ಸಂಬಳ.

◆ ಬಿಟ್ಟುಬಿಡುವ ಮಾತೇ ಇಲ್ಲದ ನೇಯ್ಗೆಯೊಂದು ಇದೇ ಜಿಲ್ಲೆಯಲ್ಲಿದೆ. ರಾಷ್ಟ್ರಧ್ವಜದ ಖಾದಿ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದು, ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಧ್ವಜವಾಗುತ್ತದೆ. ನೂಲಿನ ದಪ್ಪ, ಬಟ್ಟೆಯ ತೂಕ, ಬಣ್ಣ, ಚಕ್ರದ ಅಚ್ಚು ಪ್ರತಿಯೊಂದಕ್ಕೂ ಭಾರತೀಯ ಮಾನಕ ಸಂಸ್ಥೆಯ ಅಳತೆಯಿದೆ. ಗಾತ್ರಗಳು ಒಂಬತ್ತು, ಅತಿ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ.

◆ ಬರ್ನಾರ್ಡ್ ಬಾಸ್ ಎಂಬ ವಿದ್ವಾಂಸರು ನಾಯಕತ್ವದ ಶೈಲಿಗಳನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದಾಗ ಕೈ ಹಾಕದ ನಾಯಕರ ಲಕ್ಷಣಗಳಲ್ಲಿ ಕೆಲವನ್ನು ಹೀಗೆ ಗುರುತಿಸಿದರು: ತೀರ್ಮಾನ ತೆಗೆದುಕೊಳ್ಳುವುದನ್ನು ತಪ್ಪಿಸಿಕೊಳ್ಳುವುದು, ತುರ್ತಿನ ಪ್ರಶ್ನೆಗೆ ಉತ್ತರವನ್ನು ಮುಂದೂಡುವುದು. ಇದನ್ನು ಓದಿದಾಗ ನನ್ನ ಮನಸ್ಸು ಬೀಳಗಿ ತಾಲ್ಲೂಕಿನ ಹಿನ್ನೀರಿನ ಊರುಗಳತ್ತ ಹೋಗುತ್ತದೆ. ಆಲಮಟ್ಟಿ ಅಣೆಕಟ್ಟೆಯಲ್ಲಿ ಈಗ ನೀರು ನಿಲ್ಲುವ ಮಟ್ಟ 519.6 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿಗೆ ಕೊಟ್ಟದ್ದು 2010ರ ಡಿಸೆಂಬರಿನಲ್ಲಿ. ಆಮೇಲೆ ಸುಪ್ರೀಂ ಕೋರ್ಟಿನ ವ್ಯಾಜ್ಯ, ರಾಜ್ಯಗಳ ತಕರಾರು, ಹಣದ ಪ್ರಶ್ನೆ, ಬದಲಾದ ಸರ್ಕಾರಗಳು. ಮುಳುಗಬಹುದಾದ ಹೊಲಕ್ಕೆ ಕೊಳವೆಬಾವಿ ಕೊರೆಸಬೇಕೋ ಬೇಡವೋ, ಮನೆಗೆ ಹೊಸ ಮಾಳಿಗೆ ಹಾಕಬೇಕೋ ಬೇಡವೋ, ಮಗಳ ಮದುವೆಗೆ ಜಮೀನು ಮಾರಿದರೆ ಕೊಳ್ಳುವವರು ಸಿಗುತ್ತಾರೋ ಇಲ್ಲವೋ ಎಂದು ರೈತ ವರ್ಷಗಟ್ಟಲೆ ಗೊಂದಲದಲ್ಲಿ ಕುಳಿತ. ಅವನ ಪಾಲಿಗೆ ಆ ಹೊಲವೇ ಕಚೇರಿ, ಕಾರ್ಖಾನೆ ಎಲ್ಲ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ಗೊತ್ತುಪಡಿಸಿತು. ದರದ ಜೊತೆಗೆ, ಹಣ ಕೈಗೆ ಬರುವ ದಿನಾಂಕವನ್ನೂ ಆ ಊರುಗಳವರಿಗೆ ಬರೆದುಕೊಡಬೇಕು.